ಕೊನೆ ಕೊಯ್ಲು, ಜಾತ್ರೆ, ಆಮೇಲೆ ಜೆರ್ಮಾಟ್

ಅಡಿಕೆ ತೋಟ ಇಟ್ಟುಕೊಂಡವರಿಗೂ ಸ್ಕೀಯಿಂಗ್‌ಗೂ ತಿಂಗಳು ಕೂಡಿ ಬರುವುದಿಲ್ಲ. ಆಲ್ಪ್ಸ್‌ನಲ್ಲಿ ಡಿಸೆಂಬರ್‌ಗೆ ಜನರನ್ನು ಬೆಟ್ಟದ ಮೇಲೆ ಒಯ್ಯುವ ಲಿಫ್ಟುಗಳು ಶುರುವಾಗಿ ಜನವರಿ, ಫೆಬ್ರುವರಿ ಹೊತ್ತಿಗೆ ಹಿಮ ಹದಕ್ಕೆ ಬರುತ್ತದೆ. ಶಿರಸಿ ಸೀಮೆಯಲ್ಲಿ ಅದೇ ಹೊತ್ತಿಗೆ ಅಡಿಕೆ ಗೊನೆ ಇಳಿಸುವ ಕೊನೆಗೌಡ ಮರ ಹತ್ತಿರುತ್ತಾನೆ. ಕೊಯ್ದ ಕೊನೆ ಅಂಗಳಕ್ಕೆ ಬಂದ ಮೇಲೆ ಸುಲಿಯುವವರನ್ನು ಹುಡುಕಬೇಕು, ಬೇಯಿಸಬೇಕು, ಬೇಯಿಸದೆ ಚಾಲಿ ಅಡಿಕೆಗೆ ಬಿಟ್ಟದ್ದನ್ನು ಬಿಸಿಲಲ್ಲಿ ಒಣಗಿಸಬೇಕು, ರಾತ್ರಿ ಮೋಡ ಕಂಡರೆ ಎದ್ದು ಮುಚ್ಚಬೇಕು. ಆ ದಿನಗಳಲ್ಲಿ ಕುಮಟಾದ ಮದುವೆಗೆ ಹೋಗಿ ಬರುವುದಕ್ಕೇ ನಮ್ಮನೆಯಲ್ಲಿ ಸಭೆ ಕೂರುತ್ತದೆ. ಇನ್ನು ಸ್ವಿಟ್ಜರ್‌ಲೆಂಡ್!

ಜ್ಯೂರಿಕ್‌ನಲ್ಲಿರುವ ನನ್ನ ತಮ್ಮನಿಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. ಆದರೂ ಪ್ರತಿ ಫೋನಿನಲ್ಲಿ, “ಅಕ್ಕಾ, ಜನವರಿಲಿ ಮಕ್ಕಳನ್ನ ಕರಕೊಂಡು ಬಾ, ಸ್ಕೀ ಕಲಿಸನ” ಅಂತ ಒಂದೇ ರಾಗ. ನಮ್ಮ ಯಜಮಾನರು ನಕ್ಕು ಸುಮ್ಮನಾಗುತ್ತಿದ್ದರು. ಅದಕ್ಕೆ ಸರಿಯಾಗಿ 2024 ಜಾತ್ರೆಯ ವರ್ಷ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಆ ಸಲ ಮಾರ್ಚ್‌ನಲ್ಲಿತ್ತು. ಪೇಟೆಗೆ ಹತ್ತಿರದ ನಮ್ಮಂಥ ಮನೆಗಳಿಗೆ ಜಾತ್ರೆ ಅಂದರೆ ವಾರವಿಡೀ ನೆಂಟರು. ಜಾತ್ರೆ ಮುಗಿಯುತ್ತಿದ್ದಂತೆ ಮಕ್ಕಳ ಪರೀಕ್ಷೆ, ಏಪ್ರಿಲ್ 9ಕ್ಕೆ ಯುಗಾದಿ, 11ರಿಂದ ಬೇಸಿಗೆ ರಜೆ. ಗೋಡೆಯ ಪಂಚಾಂಗದ ಎದುರು ನಿಂತು ನೋಡಿದರೆ ಖಾಲಿ ಇದ್ದದ್ದು ಏಪ್ರಿಲ್‌ನ ಎರಡು ವಾರ ಮಾತ್ರ.

ಮೊದಲು ನಮ್ಮ ದೇಶದಲ್ಲೇ ನೋಡಿದೆವು. ಗುಲ್ಮಾರ್ಗ್ ಖರ್ಚಿನಲ್ಲಿ ಎಷ್ಟೋ ಹಗುರ, ವೀಸಾ ಗೋಜಿಲ್ಲ. ಉತ್ತರಾಖಂಡದ ಔಲಿಯೂ ಹಾಗೇ. ಆದರೆ ಎರಡೂ ಕಡೆ ಸ್ಕೀ ಕಾಲ ಮಾರ್ಚ್‌ನಲ್ಲೇ ಮುಗಿಯುತ್ತಾ ಬರುತ್ತದೆ. ಹಾಗಾಗಿ “ಎಲ್ಲಿ ಚೆಂದ” ಎಂಬ ಪ್ರಶ್ನೆ ಬಿಟ್ಟು “ಏಪ್ರಿಲ್ ಮಧ್ಯದಲ್ಲಿ ಎಲ್ಲಿ ಹಿಮ ಇರುತ್ತದೆ” ಎಂಬ ಪ್ರಶ್ನೆ ಹಿಡಿದುಕೊಂಡೆವು. ಆಮೇಲೆ ಕೆಲಸ ಸಲೀಸಾಯಿತು, ಯಾಕೆಂದರೆ ಅದಕ್ಕೆ ಉತ್ತರ ಕೊಡುವುದು ಎತ್ತರ ಒಂದೇ.

ಸ್ವಿಟ್ಜರ್‌ಲೆಂಡಿನ ಫೋಟೋಗಳಲ್ಲಿ ಕಾಣುವ ಗ್ರಿಂಡೆಲ್‌ವಾಲ್ಡ್ ಊರು ಇರುವುದು 1,034 ಮೀಟರ್‌ನಲ್ಲಿ, ಪಕ್ಕದ ವೆಂಗೆನ್ 1,274ರಲ್ಲಿ. ಅಂಥ ಕಡೆ ಏಪ್ರಿಲ್‌ಗೆ ಊರ ಸುತ್ತ ಹುಲ್ಲು ಹಸಿರಾಗಿರುತ್ತದೆ, ಈಸ್ಟರ್ ಆಸುಪಾಸಿನಲ್ಲಿ ಲಿಫ್ಟುಗಳು ಒಂದೊಂದಾಗಿ ಮುಚ್ಚುತ್ತವೆ. ಜೆರ್ಮಾಟ್ ಊರೇ ಸುಮಾರು 1,600 ಮೀಟರ್‌ನಲ್ಲಿದೆ. ಅಲ್ಲಿಂದ ಕೇಬಲ್ ಕಾರಿನಲ್ಲಿ ಏರಿದರೆ 3,883 ಮೀಟರ್‌ವರೆಗೆ ಹೋಗಬಹುದು. ಅಲ್ಲಿನ ಹಿಮನದಿಯ ಮೇಲೆ ವರ್ಷದ 365 ದಿನವೂ ಸ್ಕೀ ನಡೆಯುತ್ತದೆ. ತಮ್ಮ ದಾವೋಸ್ ಅನ್ನುತ್ತಿದ್ದ, ನಾನು ಜೆರ್ಮಾಟ್ ಅಂದೆ. “ಅದು ದುಬಾರಿ ಅಕ್ಕಾ” ಅಂದ. ದುಬಾರಿ ಹೌದು. ಆದರೆ ಆ ವರ್ಷ ಈಸ್ಟರ್ ಮಾರ್ಚ್ 31ಕ್ಕೇ ಮುಗಿದಿತ್ತು. ಈಸ್ಟರ್ ಕಳೆದ ಮೇಲೆ ಬಾಡಿಗೆ ಮನೆಗಳ ದರ ಇಳಿಯುತ್ತದೆ. ನಮಗೆ ಸಿಕ್ಕ ಏಪ್ರಿಲ್ 13ರ ಶನಿವಾರದಿಂದ 20ರ ಶನಿವಾರದವರೆಗಿನ ವಾರ ಆ ಲೆಕ್ಕಕ್ಕೆ ಸರಿಯಾಗಿ ಕೂತಿತು. ಅಲ್ಲಿ ಸೀಸನ್ನಿನಲ್ಲಿ ಮನೆ ಕೊಡುವುದೇ ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ. ಮಧ್ಯದ ಮೂರು ದಿನ ಕೊಡಿ ಅಂದರೆ ಕೊಡುವವರು ಕಡಿಮೆ.

ಹೋಗುವವರು ಯಾರು ಎನ್ನುವುದು ಅದಕ್ಕಿಂತ ದೊಡ್ಡ ಚರ್ಚೆಯಾಯಿತು. ನಾವಿಬ್ಬರು, ಹದಿಮೂರರ ಮಗಳು, ಎಂಟರ ಮಗ ಅಂತ ಲೆಕ್ಕ ಹಾಕಿಕೊಂಡಿದ್ದೆವು. ಮೈದುನನ ಸಂಸಾರ ಪಕ್ಕದಲ್ಲೇ ಇರುವುದರಿಂದ ತೋಟಕ್ಕೆ ನೀರು, ಕೊಟ್ಟಿಗೆ ಎರಡರ ಚಿಂತೆಯೂ ಇರಲಿಲ್ಲ. ಆದರೆ ಅತ್ತೆಯನ್ನು ಬಿಟ್ಟು ಹೋಗಲು ಇವರಿಗೆ ಮನಸ್ಸಿಲ್ಲ. ಕೇಳಿದರೆ ಅತ್ತೆ ಎಲೆ ಅಡಿಕೆಯ ಕವಳ ಮಡಚುತ್ತಾ, “ಮಳೆಗಾಲದಲ್ಲಿ ಜಾರಿ ಬೀಳಲಾಗ ಹೇಳಿ ಅಂಗಳಕ್ಕೆಲ್ಲ ದಬ್ಬೆ ಹಾಕ್ತ್ಯ. ನಿಂಗ ದುಡ್ಡು ಕೊಟ್ಟು ಜಾರಲೆ ಹೋಗ್ತ್ರಾ?” ಅಂದರು. ನಕ್ಕರೂ ಬರುವುದಿಲ್ಲ ಅನ್ನಲಿಲ್ಲ. ಅಲ್ಲಿಂದ ಮುಂದೆ ಇಡೀ ಯೋಜನೆ ಸ್ಕೀ ಮಾಡದ ಅತ್ತೆಯ ಸುತ್ತ ತಿರುಗಿತು. ಅದು ಒಳ್ಳೆಯದೇ ಆಯಿತು. ಸ್ಕೀ ಮಾಡುವವರಿಗೆ ಹೊತ್ತು ಹೋಗುವುದು ತಿಳಿಯುವುದಿಲ್ಲ. ಉಳಿದವರು ಕಿಟಕಿ ನೋಡುತ್ತಾ ಕೂರುವಂತಾದರೆ ಮೂರನೇ ದಿನಕ್ಕೆ ಮನೆಯಲ್ಲಿ ಮುಖಗಳು ಬದಲಾಗುತ್ತವೆ. ಬೆಟ್ಟದ ತುದಿಯವರೆಗೆ ಕುಳಿತೇ ಹೋಗುವ ರೈಲು, ನಡೆದಾಡಲು ಸಮತಟ್ಟಾದ ಬೀದಿ, ಮೋಟಾರು ವಾಹನಗಳ ಗಲಾಟೆ ಇಲ್ಲದ ಊರು, ಇಷ್ಟು ಬೇಕಿತ್ತು. ಜೆರ್ಮಾಟ್‌ಗೆ ಪೆಟ್ರೋಲ್, ಡೀಸೆಲ್ ಕಾರು ಬಿಡುವುದೇ ಇಲ್ಲ. ಕಾರಿನಲ್ಲಿ ಬಂದವರು ಐದು ಕಿಲೋಮೀಟರ್ ಕೆಳಗಿನ ಟೇಶ್‌ನಲ್ಲಿ ನಿಲ್ಲಿಸಿ ರೈಲು ಹತ್ತಬೇಕು. ಊರೊಳಗೆ ಓಡುವುದು ಡಬ್ಬಿಯಂಥ ವಿದ್ಯುತ್ ಗಾಡಿಗಳು.

ಶಿರಸಿಯಲ್ಲೇ ಒಬ್ಬ ಟೂರಿನವರನ್ನೂ ವಿಚಾರಿಸಿದ್ದೆವು. “ಸ್ನೋ ಇದೆ ಮೇಡಂ” ಅಂದರು. ಬಿಡಿಸಿ ಕೇಳಿದಾಗ ಗೊತ್ತಾಯಿತು, ಒಂದು ಶಿಖರಕ್ಕೆ ಕರೆದೊಯ್ದು ಎರಡು ತಾಸು ಹಿಮ ತೋರಿಸಿ, ಫೋಟೋ ತೆಗೆಸಿ, ಸಂಜೆ ಮತ್ತೊಂದು ಊರಿಗೆ ಸಾಗಿಸುವ ಪ್ಯಾಕೇಜ್ ಅದು. ಸ್ಕೀ ಕಲಿಯಬೇಕೆಂದರೆ ಒಂದೇ ಕಡೆ ಬೇರೂರಿ ಕೂರಬೇಕು. ಜೊತೆಗೆ ವಿದೇಶಿ ಪ್ಯಾಕೇಜ್ ಕೊಂಡರೆ ಮೂಲದಲ್ಲೇ ತೆರಿಗೆ ವಸೂಲಿ ಮಾಡುತ್ತಾರೆ. ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು ನಿಜ, ಆದರೆ ಅಲ್ಲಿಯವರೆಗೆ ಕೈಯಿಂದ ಹೋದ ದುಡ್ಡು ಹೋದದ್ದೇ. ಎಲ್ಲವನ್ನೂ ನಾವೇ ಬುಕ್ ಮಾಡಿಕೊಂಡೆವು.

ಪಾಸ್‌ಪೋರ್ಟ್‌ಗೆ ಹುಬ್ಬಳ್ಳಿಗೆ ಓಡಾಡಿದೆವು. ಮಕ್ಕಳದ್ದಕ್ಕೆ ಇಬ್ಬರೂ ಪಾಲಕರ ಒಪ್ಪಿಗೆಯ ಅನುಬಂಧ ‘ಡಿ’ ಸಹಿ ಮಾಡಿ ಕೊಡಬೇಕು, ಸಿಗುವುದು ಐದೇ ವರ್ಷದ ಪಾಸ್‌ಪೋರ್ಟ್. ಅತ್ತೆಗೆ ಜನನ ಪ್ರಮಾಣಪತ್ರ ಎಲ್ಲಿಂದ ಬರಬೇಕು! ಹುಟ್ಟಿದ ದಿನಕ್ಕೆ ಬೇರೆ ದಾಖಲೆಯೂ ನಡೆಯುತ್ತದೆ ಎಂಬ ನಿಯಮ ಇರುವುದರಿಂದ ಬಚಾವಾದೆವು.

ವೀಸಾದಲ್ಲಿ ನಮಗೆ ನಿಜವಾಗಿ ತಲೆ ಕೆಡಿಸಿದ್ದು ಅಡಿಕೆ. ಪಟ್ಟಣದ ನೌಕರರಿಗೆ ಸಂಬಳದ ಚೀಟಿ, ಫಾರ್ಮ್ 16, ಕಂಪನಿಯ ಪತ್ರ ಇಟ್ಟರೆ ಮುಗಿಯಿತು. ನನಗೆ ಶಾಲೆಯ ಸಂಬಳ ಇದೆ, ಮುಖ್ಯ ಶಿಕ್ಷಕರು ರಜೆಯ ಪತ್ರ ಕೊಟ್ಟರು. ಆದರೆ ಮನೆಯ ಹೆಚ್ಚಿನ ಆದಾಯ ತೋಟದ್ದು. ಕೃಷಿ ಆದಾಯಕ್ಕೆ ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 10(1) ಕಲಮಿನಡಿ ವಿನಾಯಿತಿ ಇತ್ತು. ಹಾಗಾಗಿ ಇವರ ರಿಟರ್ನ್ಸ್ ತೆರೆದರೆ ತೆರಿಗೆಗೆ ಒಳಪಡುವ ಆದಾಯದ ಜಾಗದಲ್ಲಿ ಸಣ್ಣ ಮೊತ್ತ ಕಾಣುತ್ತದೆ, ಅದೂ ಬ್ಯಾಂಕಿನ ಬಡ್ಡಿಯದು. ನೋಡಿದವರು, “ಈ ಮನುಷ್ಯ ಆಲ್ಪ್ಸ್‌ಗೆ ಹೇಗೆ ಹೋಗುತ್ತಾನೆ?” ಅಂದುಕೊಂಡರೆ ಅವರ ತಪ್ಪೇನೂ ಇಲ್ಲ. ಇದಕ್ಕೆ ನಮ್ಮ ಲೆಕ್ಕಪರಿಶೋಧಕರು ದಾರಿ ಹೇಳಿದರು. ಕೃಷಿ ಆದಾಯವನ್ನು ರಿಟರ್ನ್ಸ್‌ನ ವಿನಾಯಿತಿ ಆದಾಯದ ಪಟ್ಟಿಯಲ್ಲಿ ತೋರಿಸಿರಬೇಕು. ಅದು ಐದು ಲಕ್ಷ ದಾಟಿದರೆ ಜಮೀನು ಯಾವ ಜಿಲ್ಲೆಯಲ್ಲಿದೆ, ಪಿನ್ ಕೋಡ್ ಏನು, ಎಷ್ಟು ಎಕರೆ, ಸ್ವಂತದ್ದೋ ಗೇಣಿಯದೋ, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನೂ ಬರೆಯಬೇಕು. ಇವರು ವರ್ಷವೂ ಹಾಗೆ ತುಂಬಿಸುತ್ತಿದ್ದರಿಂದ ಮೂರು ವರ್ಷದ ಪ್ರತಿ ಸಲೀಸಾಗಿ ಸಿಕ್ಕಿತು.

ಅದಕ್ಕೆ ಪೂರಕವಾಗಿ ಪಹಣಿ, ಸೊಸೈಟಿಯಲ್ಲಿ ಅಡಿಕೆ ಬಿಟ್ಟ ಪಟ್ಟಿಗಳು, ಆ ಹಣ ಜಮಾ ಆದ ಪಾಸ್‌ಬುಕ್ಕಿನ ಪುಟಗಳು. ಪಹಣಿ ಇರುವುದು ಕನ್ನಡದಲ್ಲಿ, ಇಂಗ್ಲಿಷಿಗೆ ಅನುವಾದಿಸಿ ನೋಟರಿ ಮಾಡಿಸಬೇಕು. ಪಹಣಿಯ ಕಾಲಂಗಳಿಗೆ ನೋಟರಿಯ ಗುಮಾಸ್ತ ಇಂಗ್ಲಿಷ್ ಹುಡುಕುತ್ತಾ ಕೂತ ಆ ಮಧ್ಯಾಹ್ನವನ್ನು ಬರೆದರೆ ಅದೇ ಇನ್ನೊಂದು ಲೇಖನ ಆದೀತು. ಪಟ್ಟಿಯ ತಾರೀಕೂ ಬ್ಯಾಂಕಿನ ಜಮಾ ತಾರೀಕೂ ಒಂದಕ್ಕೊಂದು ತಾಳೆಯಾಗುವಂತೆ ಪೆನ್ಸಿಲಿನಲ್ಲಿ ನಂಬರು ಹಾಕಿ ಜೋಡಿಸಿದೆ. ಅರ್ಜಿಯ ಜೊತೆಯ ಪತ್ರದಲ್ಲಿ, ನಮ್ಮದು ವರ್ಷಕ್ಕೊಮ್ಮೆ ಬರುವ ಬೆಳೆ, ಆದ್ದರಿಂದ ಹಣವೂ ತಿಂಗಳು ತಿಂಗಳು ಬಾರದೆ ಕೆಲವೇ ಕಂತಿನಲ್ಲಿ ಬರುತ್ತದೆ ಎಂದು ಎರಡು ಸಾಲು ಬರೆದೆ. ನನ್ನ ಅಭಿಪ್ರಾಯದಲ್ಲಿ ಇಡೀ ಕಡತದಲ್ಲಿ ಕೆಲಸ ಮಾಡಿದ್ದು ಆ ಎರಡು ಸಾಲು. ಖಾತೆಯಲ್ಲಿ ಒಮ್ಮೆಲೇ ದೊಡ್ಡ ಮೊತ್ತ ಬಂದು ಬಿದ್ದಿದ್ದರೆ, ವೀಸಾಕ್ಕಾಗಿ ಯಾರದೋ ದುಡ್ಡು ತಂದು ತುಂಬಿದ್ದಾರೆ ಅನ್ನುವ ಅನುಮಾನ ಸಹಜ.

ಸ್ವಿಟ್ಜರ್‌ಲೆಂಡ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕಡೇ ಪಕ್ಷ ಹದಿನೈದು ದಿನ ಮೊದಲಾದರೂ ಹಾಕಬೇಕು. ನಾವು ಕೊಯ್ಲಿನ ನಡುವೆ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಬೆರಳಚ್ಚು ಕೊಟ್ಟು, ಅದೇ ದಿನ ರಾತ್ರಿ ಬಸ್ಸಿಗೆ ವಾಪಸು ಬಂದೆವು. ಹನ್ನೆರಡು ತುಂಬದ ಮಕ್ಕಳಿಗೆ ಬೆರಳಚ್ಚು ಬೇಡ, ಹಾಗಾಗಿ ಮಗ ಆರಾಮಾಗಿ ಕೂತು ಉಳಿದವರನ್ನು ಗೇಲಿ ಮಾಡಿದ. ಆಗ ಶುಲ್ಕ ದೊಡ್ಡವರಿಗೆ 80 ಯೂರೋ, ಆರರಿಂದ ಹನ್ನೆರಡರ ಮಕ್ಕಳಿಗೆ 40 ಇತ್ತು. ಹದಿಮೂರಾಗಿದ್ದ ಮಗಳದ್ದು ದೊಡ್ಡವರ ಲೆಕ್ಕ.

ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ವೀಸಾಕ್ಕೆ ಸಾಕಾಗುವ ವಿಮೆ ಸ್ಕೀಗೆ ಸಾಕಾಗುವುದಿಲ್ಲ, ಇದನ್ನು ಮಾತ್ರ ಯಾರಾದರೂ ಹೋಗುವವರಿದ್ದರೆ ಗೋಡೆಗೆ ಬರೆದಿಟ್ಟುಕೊಳ್ಳಿ. ಎಷ್ಟೋ ಪಾಲಿಸಿಗಳು ಸಾಹಸ ಕ್ರೀಡೆಯನ್ನು ಹೊರಗಿಟ್ಟಿರುತ್ತವೆ, ಹೆಚ್ಚಿನ ಕಂತು ಕಟ್ಟಿದರೆ ಚಳಿಗಾಲದ ಕ್ರೀಡೆ ಸೇರಿಸುತ್ತಾರೆ, ಅದರಲ್ಲೂ ಗುರುತು ಹಾಕಿದ ಹಾದಿಯಲ್ಲಿ ಬಿದ್ದರೆ ಮಾತ್ರ ಪರಿಹಾರ. ನಾನು ಪಾಲಿಸಿಯ ಸಣ್ಣಕ್ಷರವನ್ನೆಲ್ಲ ಮುದ್ರಿಸಿ ತಂದು, ಮಕ್ಕಳ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನು ಹಿಡಿದು ಓದಿದೆ. ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸುವ ಖರ್ಚು ಸೇರಿದೆಯೇ ಎಂಬುದನ್ನು ಬರಹದಲ್ಲೇ ಕೇಳಿ ತರಿಸಿಕೊಂಡೆ. ಜೆರ್ಮಾಟ್‌ಗೆ ‘ಏರ್ ಜೆರ್ಮಾಟ್’ ಎಂಬ ತನ್ನದೇ ಹೆಲಿಕಾಪ್ಟರ್ ಸೇವೆ ಇದೆ, 1968ರಿಂದ. ಅದರ ಸದ್ದು ಊರಲ್ಲಿ ಆಗಾಗ ಕೇಳುತ್ತದೆ. ಅತ್ತೆಯ ಬಿಪಿ ವಿಷಯವನ್ನೂ ಮುಚ್ಚಿಡದೆ ಬರೆಸಿದೆವು. ಕಂತು ಏರಿತು, ಏರಲಿ.

ಇಷ್ಟೆಲ್ಲ ಮುಗಿದು ವೀಸಾ ಕೈಗೆ ಬಂದು, ಜಾತ್ರೆಯ ನೆಂಟರನ್ನೂ ಕಳಿಸಿದ ಮೇಲೆ ಏಪ್ರಿಲ್ 1ಕ್ಕೆ ಸುದ್ದಿ ಬಂತು. ಜೆರ್ಮಾಟ್‌ನ ಮೇಲಿನ ರಿಫೆಲ್‌ಬರ್ಗ್‌ನಲ್ಲಿ ಹಿಮ ಕುಸಿದು ಮೂವರು ಸತ್ತಿದ್ದರು. ಮೊಬೈಲಿನಲ್ಲಿ ಅದನ್ನು ಮೊದಲು ನೋಡಿದವರು ಮಾವ. ಅವರು ಹೆಚ್ಚು ಮಾತಾಡುವವರಲ್ಲ, “ಓದಿದ್ಯ?” ಅಂತ ಮಗನ ಮುಂದೆ ಫೋನ್ ಇಟ್ಟರು, ಅಷ್ಟೇ. ಆ ರಾತ್ರಿ ತಮ್ಮನಿಗೆ ಫೋನು ಹೋಯಿತು. ಅವನು ಸಮಾಧಾನದ ಮಾತಾಡುವ ಬದಲು ಲೆಕ್ಕ ಹೇಳಿದ. ದಾವೋಸ್‌ನ ಹಿಮ ಸಂಶೋಧನಾ ಸಂಸ್ಥೆ ಚಳಿಗಾಲದುದ್ದಕ್ಕೂ ದಿನವೂ ಹಿಮಕುಸಿತದ ಅಪಾಯವನ್ನು ಒಂದರಿಂದ ಐದರ ಅಳತೆಯಲ್ಲಿ ಪ್ರಕಟಿಸುತ್ತದೆ. ಗುರುತು ಹಾಕಿದ ಹಾದಿಗಳನ್ನು ಬೆಳಿಗ್ಗೆ ಪರೀಕ್ಷಿಸಿ, ಅನುಮಾನ ಬಂದರೆ ಮುಚ್ಚುತ್ತಾರೆ. ಅಂದು ಹಿಮ ಕುಸಿದದ್ದು ಹಾದಿಯ ಹೊರಗಿನ ಇಳಿಜಾರಿನಲ್ಲಿ. “ಭಾವ, ನಿಂಗವು ಕಲಿಯದು ಅಂಗಳದಷ್ಟು ಸಪಾಟಾದ ಜಾಗದಲ್ಲಿ” ಅಂದ. ಇವರು ಅದನ್ನೇ ಮಾವನಿಗೆ ದಾಟಿಸಿದರು. ಮಾವ ಹೂಂ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಹೊರಡುವ ದಿನ ಮಾತ್ರ ಮೊಮ್ಮಗಳನ್ನು ಕರೆದು, “ಹಗ್ಗ ಕಟ್ಟಿದ ಕಡೆ ದಾಟಲಾಗ, ತಂಗಿ” ಅಂದರು.

ಬಟ್ಟೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸ್ಕೀ, ಬೂಟು, ಕೋಲು, ಹೆಲ್ಮೆಟ್ ಅಲ್ಲೇ ಬಾಡಿಗೆಗೆ ಸಿಗುತ್ತವೆ. ಇಲ್ಲಿಂದ ಒಯ್ಯಬೇಕಾದ್ದು ನೀರು ಹಿಡಿಯದ ಜಾಕೆಟ್, ಪ್ಯಾಂಟ್, ಕೈಗವಸು, ಕನ್ನಡಕ, ಒಳಗೆ ಥರ್ಮಲ್. ಬೆಂಗಳೂರಿನಲ್ಲಿ ಬೇರೆ ಬೇರೆ ದಿನ ಯಾರು ಯಾರೋ ಹೋದಾಗ ತರಿಸಿಕೊಂಡೆವು. ಹತ್ತಿ ಬಟ್ಟೆ ಮೈಗೆ ತಾಗಿದಂತೆ ಹಾಕಬಾರದು, ಬೆವರಿ ಒದ್ದೆಯಾದರೆ ಒಣಗುವುದಿಲ್ಲ. ಜೀನ್ಸ್ ಅಂತೂ ಬೇಡವೇ ಬೇಡ. ಏಪ್ರಿಲ್‌ನಲ್ಲಿ ಚಳಿಗಿಂತ ಬಿಸಿಲಿನ ಕಾಟ ಜಾಸ್ತಿ. ಹಿಮದಿಂದ ಮೇಲೆದ್ದು ಬರುವ ಬೆಳಕು ಗಲ್ಲದ ಕೆಳಗನ್ನೂ ಸುಡುತ್ತದೆ.

ಊಟದ ಸಾಮಾನಿನಲ್ಲಿ ಅತ್ತೆಗೂ ಸ್ವಿಸ್ ಕಸ್ಟಮ್ಸ್‌ಗೂ ಜಗಳ ಬಿತ್ತು. ನಮ್ಮಂಥ ದೇಶಗಳಿಂದ ಹಾಲು, ಮಾಂಸದ ಪದಾರ್ಥ ಒಯ್ಯುವಂತಿಲ್ಲ, ಅಂದರೆ ಮನೆಯ ತುಪ್ಪ ಇಲ್ಲ. ಹಸಿ ಹಣ್ಣು, ತರಕಾರಿ, ಎಲೆಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ವಿನಾಯಿತಿ ಇರುವುದು ಬಾಳೆಹಣ್ಣು, ತೆಂಗಿನಕಾಯಿ, ಅನಾನಸು, ಖರ್ಜೂರ, ದುರಿಯನ್‌ಗೆ ಮಾತ್ರ. ವೀಳ್ಯದೆಲೆ ಆ ಪಟ್ಟಿಯಲ್ಲಿ ಇಲ್ಲ. ಕವಳದ ಸಂಚಿ ಮನೆಯಲ್ಲಿ ಬಿಟ್ಟು ಒಂದು ವಾರ ಇರುವುದು ಹೇಗೆ ಎಂಬ ವಿಷಯಕ್ಕೆ ಆದಷ್ಟು ಚರ್ಚೆ ವಿಮಾನದ ಟಿಕೆಟ್ಟಿಗೂ ಆಗಿರಲಿಲ್ಲ. ಕೊನೆಗೆ ಲವಂಗ, ಏಲಕ್ಕಿಗೆ ರಾಜಿಯಾದರು. ದಪ್ಪ ಅವಲಕ್ಕಿ, ಸಾರಿನ ಪುಡಿ, ಹುಳಿ, ತೊಡದೇವು, ಅಪ್ಪೆಮಿಡಿ ಉಪ್ಪಿನಕಾಯಿ ಪೆಟ್ಟಿಗೆ ಸೇರಿದವು. ಬೆಣ್ಣೆ ಅಲ್ಲಿ ಕೊಂಡು ಅಲ್ಲೇ ತುಪ್ಪ ಕಾಯಿಸಿದೆವು, ಅತ್ತೆಯೇ ಮೆಚ್ಚುವಷ್ಟು ಚೆನ್ನಾಗಿ ಬಂತು. ಅಡುಗೆಮನೆ ಇರುವ ಮನೆ ಹಿಡಿದದ್ದು ಸಾರ್ಥಕವಾದದ್ದು ಇದಕ್ಕೇ. ಆಗ ಒಂದು ಫ್ರಾಂಕ್‌ಗೆ ಸುಮಾರು 92 ರೂಪಾಯಿ. ಬೆಟ್ಟದ ಮೇಲಿನ ಹೋಟೆಲಿನಲ್ಲಿ ಐದು ಜನ ದಿನವೂ ಉಣ್ಣುತ್ತಿದ್ದರೆ ಮಾವ ಚಾಲಿಯ ಕ್ವಿಂಟಲಿನಲ್ಲಿ ಹಾಕುವ ಲೆಕ್ಕ ಕೇಳಲಿಕ್ಕೇ ಭಯವಾಗುತ್ತಿತ್ತು.

ದೋಹಾ ಮೇಲಿಂದ ಜ್ಯೂರಿಕ್. ವಿಮಾನ ನಿಲ್ದಾಣದ ನೆಲಮಾಳಿಗೆಯಲ್ಲೇ ರೈಲು. ವಿಸ್ಪ್‌ನಲ್ಲಿ ಇಳಿದು, ಹಲ್ಲುಗಾಲಿಯ ಸಣ್ಣ ಕೆಂಪು ರೈಲು ಹತ್ತಿ, ಕಣಿವೆಯಲ್ಲಿ ಏರುತ್ತಾ ಹೋದರೆ ಜೆರ್ಮಾಟ್. ರೈಲಿನ ರಿಯಾಯ್ತಿ ಕಾರ್ಡ್ ತೆಗೆದುಕೊಳ್ಳುವಾಗ ಫ್ಯಾಮಿಲಿ ಕಾರ್ಡ್ ಅಂತ ಕೇಳಿ ಪಡೆಯಿರಿ, ಪುಕ್ಕಟೆ ಕೊಡುತ್ತಾರೆ. ಪಾಲಕರ ಜೊತೆ ಹದಿನಾರರೊಳಗಿನ ಮಕ್ಕಳಿಗೆ ಟಿಕೆಟ್ಟಿಲ್ಲ.

ಬಾಡಿಗೆ ಅಂಗಡಿಯಲ್ಲಿ ಕಳೆದ ಹೊತ್ತು ನನಗೆ ಸ್ಕೀಗಿಂತ ಚೆನ್ನಾಗಿ ನೆನಪಿದೆ. ಬೂಟಿನ ಅಳತೆ ನಮ್ಮ ಚಪ್ಪಲಿಯ ನಂಬರಲ್ಲ, ಪಾದದ ಉದ್ದ ಸೆಂಟಿಮೀಟರಿನಲ್ಲಿ. ಒಳಗೆ ಮೆತ್ತೆ, ಹೊರಗೆ ಗಟ್ಟಿ ಚಿಪ್ಪು, ಮುಂದೆ ನಾಲ್ಕು ಬಕಲ್. ಎರಡು ಜೊತೆ ದಪ್ಪ ಕಾಲುಚೀಲ ಹಾಕಿಕೊಂಡು ಹೋಗಿದ್ದ ಇವರಿಗೆ ಅಂಗಡಿಯ ಹುಡುಗಿ ಎರಡನ್ನೂ ಬಿಚ್ಚಿಸಿ ತೆಳ್ಳಗಿನ ಒಂದೇ ಜೊತೆ ಕೊಟ್ಟಳು, ದಪ್ಪ ಮಡಿಕೆ ಬಿದ್ದರೆ ರಕ್ತ ಓಡುವುದಿಲ್ಲ, ಕಾಲು ಇನ್ನೂ ತಣ್ಣಗಾಗುತ್ತದೆ ಅಂದಳು. ನೆಟ್ಟಗೆ ನಿಂತರೆ ಬೆರಳು ಮುಂದಕ್ಕೆ ತಾಗಬೇಕು, ಮೊಣಕಾಲು ಮಡಚಿ ಮುಂದೆ ಬಾಗಿದರೆ ಬೆರಳು ಹಿಂದೆ ಸರಿಯಬೇಕು. ಹಿಮ್ಮಡಿ ಮೇಲೇಳಬಾರದು. ಮಗಳಿಗೆ ಮೂರು ಜೊತೆ ಬದಲಾಯಿಸಿದ ಮೇಲೆ ಸರಿಹೋಯಿತು. ಆಮೇಲೆ ಎತ್ತರ, ತೂಕ, ವಯಸ್ಸು, ಬೂಟಿನ ಅಡಿಯ ಉದ್ದ, ಎಷ್ಟು ಕಲಿತಿದ್ದೀರಿ ಎಂಬುದನ್ನೆಲ್ಲ ಬರೆದುಕೊಂಡು ಸ್ಕೀಯ ಮೇಲಿನ ಹಿಡಿತದ ಸ್ಕ್ರೂ ತಿರುಗಿಸಿದಳು. ಬಿದ್ದಾಗ ಸ್ಕೀ ಎಷ್ಟು ಒತ್ತಡಕ್ಕೆ ಬೂಟಿನಿಂದ ಕಳಚಬೇಕು ಅನ್ನುವುದನ್ನು ಅದು ನಿರ್ಧರಿಸುತ್ತದೆ. ಕಳಚದಿದ್ದರೆ ತಿರುಚುವುದು ಮೊಣಕಾಲು. ಅದಕ್ಕೇ ಅಲ್ಲಿ ತೂಕ ಕಡಿಮೆ ಹೇಳಲೂಬಾರದು, ನನಗೆ ಬರುತ್ತದೆ ಅಂತ ಜಂಬ ಕೊಚ್ಚಲೂಬಾರದು. ಕಲಿಯುವವರ ಸ್ಕೀ ಗಲ್ಲದವರೆಗೆ ಬಂದರೆ ಸಾಕು. ಮಗನಿಗೆ ಕೋಲು ಕೊಡಲೇ ಇಲ್ಲ.

ಕಲಿಯುವ ಜಾಗ ಸುನ್ನೆಗ್ಗಾ, 2,288 ಮೀಟರ್. ಊರಿನಿಂದ ಸುರಂಗದೊಳಗೇ ಏರುವ ರೈಲಿನಲ್ಲಿ ಕೆಲವೇ ನಿಮಿಷ. ಅಲ್ಲಿ ‘ವೋಲ್ಲಿ’ ಎಂಬ ಕಪ್ಪು ಮೂತಿಯ ಕುರಿಯ ಹೆಸರಿನಲ್ಲಿ ಮಕ್ಕಳ ಅಂಗಳ ಇದೆ, ಮೇಲೆ ಒಯ್ಯುವುದಕ್ಕೆ ಚಲಿಸುವ ಚಾಪೆ. ಒಂಬತ್ತು ತುಂಬದ ಮಕ್ಕಳಿಗೆ ಲಿಫ್ಟ್ ಪುಕ್ಕಟೆ. ನಮ್ಮ ವಾರದಲ್ಲಿ ಆ ಭಾಗ ತೆರೆದಿರುತ್ತದೆಯೇ ಎಂದು ತಮ್ಮನಿಂದ ಮೊದಲೇ ಫೋನ್ ಮಾಡಿಸಿ ಖಚಿತ ಮಾಡಿಕೊಂಡಿದ್ದೆವು. ಏಪ್ರಿಲ್‌ಗೆ ಹೋಗುವವರು ಹೋಗಲಿಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಮೇಲಿನ ಹಿಮನದಿ ತೆರೆದಿದ್ದರೂ ಮೊದಲ ಸಲ ನಿಲ್ಲುವವರಿಗೆ ಅದು ಪ್ರಯೋಜನಕ್ಕಿಲ್ಲ. ನೀಲಿ ಹಾದಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ಮೇಲಿಂದ ಸ್ಕೀ ಮಾಡಿಕೊಂಡೇ ಇಟಲಿಯ ಚೆರ್ವಿನಿಯಾಕ್ಕೆ ಇಳಿಯಬಹುದು, ಗಾಳಿ ಎದ್ದು ಲಿಫ್ಟ್ ನಿಂತರೆ ಆ ರಾತ್ರಿ ಇಟಲಿಯಲ್ಲೇ. ನಮಗೆ ನೀಲಿಯೇ ಹೆಚ್ಚಾಗಿತ್ತು.

ತರಗತಿಗಳನ್ನು ಮೊದಲೇ ಕಾದಿರಿಸಿದ್ದೆವು, ಇಂಗ್ಲಿಷಿನಲ್ಲಿ ಹೇಳಿಕೊಡುವ ಗುಂಪೇ ಬೇಕು ಅಂತ ಬರೆದು. ಮಕ್ಕಳಿಬ್ಬರು ಬೇರೆ ಬೇರೆ ಗುಂಪು, ನಾವು ದೊಡ್ಡವರ ಗುಂಪು. ಮೊದಲು ಕಲಿಸುವುದು ಬೀಳುವುದು, ಏಳುವುದು, ಸ್ಕೀಗಳ ಮೂತಿ ಕೂಡಿಸಿ ಹಿಂಭಾಗ ಅಗಲಿಸಿ ನಿಲ್ಲಿಸುವುದು. ಮಗನಿಗೆ ಅದು ಪಿಜ್ಜಾ ತುಂಡು ಅಂತ ಹೇಳಿಕೊಟ್ಟರಂತೆ. ಅವನು ಮೊದಲ ದಿನ ಮಧ್ಯಾಹ್ನದೊಳಗೇ ಪಿಜ್ಜಾ ಮಾಡಿ ನಿಂತ. ಸೊಪ್ಪಿನ ಬೆಟ್ಟ ಹತ್ತಿಳಿದು ತೊಡೆ ಗಟ್ಟಿ ಇದ್ದ ಇವರು ಬೇಗ ಹಿಡಿದುಕೊಂಡರು. ನಾನು ಎರಡು ದಿನ ಕಲಿತು, ಸಾಕಷ್ಟು ಜಾರಿ, ಮೂರನೇ ದಿನದಿಂದ ಅತ್ತೆಯ ಪಕ್ಷ ಸೇರಿಕೊಂಡೆ. ನನಗೇನೂ ಬೇಸರವಿಲ್ಲ, ಅದರಲ್ಲಿ ನನಗೆ ರುಚಿ ಹತ್ತಲಿಲ್ಲ, ಅಷ್ಟೇ.

ವಸಂತದ ಹಿಮಕ್ಕೆ ಅದರದೇ ಹೊತ್ತುಗೊತ್ತಿದೆ. ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ಗಾಜಿನಂತೆ ಗಟ್ಟಿ. ಬಿಸಿಲು ಬಿದ್ದು ಮೇಲ್ಪದರ ಸಡಿಲಾದಾಗ ಎರಡು ಮೂರು ತಾಸು ಅಮೃತಘಳಿಗೆ. ಮಧ್ಯಾಹ್ನ ದಾಟಿದರೆ ಕೆಸರು, ಕಾಲು ಸಿಕ್ಕಿ ಬೀಳುವುದು ಆಗಲೇ. ಆದ್ದರಿಂದ ಊಟದ ಹೊತ್ತಿಗೆ ಆಟ ಮುಗಿಸುವುದು ಅಂತ ನಿಯಮ ಮಾಡಿಕೊಂಡೆವು, ಉಳಿದ ಅರ್ಧ ದಿನ ಎಲ್ಲರೂ ಒಟ್ಟಿಗೆ. ಮಗಳು ಮ್ಯಾಟರ್‌ಹಾರ್ನ್‌ನ ಇತಿಹಾಸ ಓದಿಕೊಂಡು ಬಂದಿದ್ದಳು. 4,478 ಮೀಟರ್‌ನ ಆ ಶಿಖರವನ್ನು 1865ರ ಜುಲೈ 14ಕ್ಕೆ ಮೊದಲ ಸಲ ಹತ್ತಿದ ಏಳು ಜನರಲ್ಲಿ ನಾಲ್ವರು ಇಳಿಯುವಾಗ ಬಿದ್ದು ಸತ್ತರು ಅಂತ ಅಜ್ಜಿಗೆ ಹೇಳಿದ್ದಕ್ಕೆ ಅಜ್ಜಿ, “ಹತ್ತಲೆ ಹೇಳಿದ್ದು ಯಾರು?” ಅಂದರು.

ಅತ್ತೆಯ ದೊಡ್ಡ ದಿನ ಗೋರ್ನರ್‌ಗ್ರಾಟ್‌ನದು. 1898ರಿಂದ ಓಡುತ್ತಿರುವ ವಿದ್ಯುತ್ ರೈಲು, ಹಲ್ಲುಗಾಲಿಯ ಮೇಲೆ 3,089 ಮೀಟರ್‌ಗೆ ಏರುತ್ತದೆ. ಅಷ್ಟೆತ್ತರಕ್ಕೆ ಒಮ್ಮೆಲೇ ಹೋಗುವುದು ಬೇಡ, ಊರಲ್ಲಿ ಎರಡು ದಿನ ಇದ್ದು ಆಮೇಲೆ ಹೋಗಿ, ಮೇಲೆ ಅವಸರದಲ್ಲಿ ನಡೆಯಬೇಡಿ ಅಂತ ನಮ್ಮ ಡಾಕ್ಟರು ಹೇಳಿ ಕಳಿಸಿದ್ದರು. ಹಾಗೇ ಮಾಡಿದೆವು. ಅತ್ತೆ ಉಟ್ಟದ್ದು ಮಾಮೂಲಿ ಸೀರೆಯೇ, ಒಳಗೆ ಥರ್ಮಲ್ ಪ್ಯಾಂಟು, ಕಾಲಿಗೆ ಹಿಮದ ಬೂಟು, ಮೇಲೆ ಇವರ ದೊಡ್ಡ ಜಾಕೆಟ್. ಬೆಂಚಿನ ಮೇಲೆ ಬಿಸಿಲಿಗೆ ಕೂತು ತೊಡದೇವು ಮುರಿದು ಪಕ್ಕದಲ್ಲಿ ಕೂತಿದ್ದ ಜರ್ಮನ್ ಹೆಂಗಸಿಗೂ ಕೊಟ್ಟರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ, ಮಾತು ಅರ್ಧ ತಾಸು ನಡೆಯಿತು.

ಆ ವಾರದ ನಡುವೆ, ಏಪ್ರಿಲ್ 16ಕ್ಕೆ ದುಬೈನಲ್ಲಿ ಕಂಡು ಕೇಳರಿಯದ ಮಳೆ ಬಿದ್ದು ವಿಮಾನ ನಿಲ್ದಾಣವೇ ನೀರಾಯಿತು. ನಮ್ಮದು ದೋಹಾ ಮೇಲಿನ ಟಿಕೆಟ್, ತೊಂದರೆಯಾಗಲಿಲ್ಲ. ಟಿಕೆಟ್ ತೆಗೆಯುವಾಗ ದುಬೈ ಮೇಲಿನದ್ದೂ ನೋಡಿದ್ದೆವು. ಪ್ರಯಾಣ ರದ್ದು, ವಿಳಂಬಕ್ಕೂ ಪರಿಹಾರ ಇರುವ ವಿಮೆ ಮಾಡಿಸಿದ್ದು ಅತಿಯಾಯಿತೇನೋ ಅಂದುಕೊಂಡಿದ್ದ ಇವರು ಆ ಸುದ್ದಿ ನೋಡಿದ ಮೇಲೆ ಆ ಮಾತೆತ್ತಲಿಲ್ಲ. ಮೇ 7ರ ಲೋಕಸಭಾ ಚುನಾವಣೆಯ ಮತದಾನಕ್ಕೆ ಬಹಳ ಮೊದಲೇ ಮನೆಯಲ್ಲಿದ್ದೆವು.

ಊರಲ್ಲಿ ಈಗಲೂ ಯಾರಾದರೂ ಕೇಳುತ್ತಾರೆ, ಎಷ್ಟಾಯಿತು, ಹೇಗೆ ಮಾಡಿದಿರಿ ಅಂತ. ಎಷ್ಟಾಯಿತು ಅಂತ ಮಾವನಿಗೂ ಪೂರ್ತಿ ಹೇಳಿಲ್ಲ. ಹೇಗೆ ಅನ್ನುವುದಕ್ಕೆ ಕಡತವನ್ನೇ ಕೊಟ್ಟುಬಿಡುತ್ತೇನೆ, ಪಹಣಿಯ ಅನುವಾದದ ಸಮೇತ. ವೀಸಾ ಶುಲ್ಕ ಮಾತ್ರ ಅದರಲ್ಲಿರುವುದು ಹಳೆಯದು, 2024ರ ಜೂನ್ 11ರಿಂದ ದೊಡ್ಡವರಿಗೆ 90, ಮಕ್ಕಳಿಗೆ 45 ಯೂರೋ ಆಗಿದೆ. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ನಡೆಯುವುದರಿಂದ ನಮಗೆ ಸದ್ಯ ಆ ಕೆಲಸ ಇಲ್ಲ. ಮಗ ಮತ್ತೆ ಯಾವಾಗ ಅಂತ ಪೀಡಿಸುತ್ತಿದ್ದಾನೆ. ಅವನಿಗೀಗ ಒಂಬತ್ತು ದಾಟಿದೆ, ಇನ್ನು ಲಿಫ್ಟಿನ ಪಾಸಿಗೆ ಅವನದ್ದೂ ದುಡ್ಡು ಎಣಿಸಬೇಕು.